ಎಣಿಕೆಗೆ ಬಂದ ಅಪರಾಧ, ಎಣಿಕೆಗೆ ಬಾರದ ಅಳಲು



ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಸಿದ್ಧಪಡಿಸುವ ‘ಭಾರತದಲ್ಲಿ ಅಪರಾಧ’ ಎಂಬ ವಾರ್ಷಿಕ ವರದಿಯ 2023ನೆಯ ಸಾಲಿನ ಸಂಪುಟವು 2025ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಹೊರಬಂದಿತು. ಸೈಬರ್ ಅಪರಾಧಗಳಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲೆಂಬುದು ಅದರಿಂದ ನಮ್ಮ ಪತ್ರಿಕೆಗಳು ಹೆಕ್ಕಿ ತೆಗೆದ ಮುಖ್ಯ ಸುದ್ದಿ. 2022ರಲ್ಲಿ 12,556 ಇದ್ದ ಪ್ರಕರಣಗಳು 2023ರಲ್ಲಿ 21,889ಕ್ಕೆ ಏರಿದ್ದವು. ಇವುಗಳಲ್ಲಿ 17,631 ಪ್ರಕರಣಗಳು, ಅಂದರೆ ಹತ್ತರಲ್ಲಿ ಎಂಟು, ಬೆಂಗಳೂರು ಒಂದರಲ್ಲಿಯೇ ದಾಖಲಾದವು. ಮಠಕ್ಕೆ ಬರುವ ಭಕ್ತರಲ್ಲಿ ಹಲವರು ಇದನ್ನು ಓದಿ ಕಳವಳಗೊಂಡರು. ಬಸವಣ್ಣನವರ ನಾಡು ಹೀಗಾಯಿತಲ್ಲ ಎಂದು ಕೆಲವರು ನಿಟ್ಟುಸಿರುಬಿಟ್ಟರು. ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಇದೇ ಪುಸ್ತಕದಿಂದ ತಮತಮಗೆ ಬೇಕಾದ ಪುಟವನ್ನು ತೆರೆದು ಓದುವುದನ್ನು ನಾವು ಪ್ರತಿವರ್ಷ ನೋಡುತ್ತಲೇ ಇದ್ದೇವೆ.

ನಮ್ಮ ಧರ್ಮಗುರುಗಳಾದ ಬಸವಣ್ಣನವರು ಬಿಜ್ಜಳನ ರಾಜ್ಯದಲ್ಲಿ ಲೆಕ್ಕ ಬರೆಯುವ ಕರಣಿಕರಾಗಿ ಕಾಯಕವನ್ನು ಆರಂಭಿಸಿ ಭಂಡಾರಿಯ ಪದವಿಗೇರಿದರೆಂಬುದು ಪರಂಪರೆಯ ಮಾತು. ಲೆಕ್ಕವನ್ನು ಸರಿಯಾಗಿ ಓದುವುದೂ ಒಂದು ಕಾಯಕವೇ. ಆದ್ದರಿಂದ ರಾಜ್ಯದ ಅಪರಾಧ ಅಂಕಿ-ಅಂಶಗಳು ಎಲ್ಲಿ ಹುಟ್ಟುತ್ತವೆ, ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಈ ಲೇಖನದಲ್ಲಿ ನಮಗೆ ತಿಳಿದಮಟ್ಟಿಗೆ ವಿವರಿಸಲು ಬಯಸುತ್ತೇವೆ. ಕೊನೆಯಲ್ಲಿ, ಈ ಲೆಕ್ಕದಲ್ಲಿ ಮಠಗಳ ಪಾಲೆಷ್ಟು ಎಂಬ ತುಸು ಮುಜುಗರದ ಪ್ರಶ್ನೆಯನ್ನೂ ಕೇಳಿಕೊಳ್ಳಲಿದ್ದೇವೆ.

ಅಂಕಿ ಹುಟ್ಟುವುದು ಠಾಣೆಯ ಮೇಜಿನ ಮೇಲೆ

ದೆಹಲಿಯ ಬ್ಯೂರೋ 1986ರಲ್ಲಿ ಸ್ಥಾಪನೆಯಾಯಿತು. ವಾರ್ಷಿಕ ವರದಿಯ ಪರಂಪರೆ ಅದಕ್ಕಿಂತ ಹಳೆಯದು, 1953ನೆಯ ಸಾಲಿನಿಂದ ಬಂದದ್ದು. ಆದರೆ ಬ್ಯೂರೋ ತಾನಾಗಿ ಯಾವ ಅಪರಾಧವನ್ನೂ ಎಣಿಸುವುದಿಲ್ಲ. ಠಾಣೆಗಳು ದಾಖಲಿಸಿದ್ದನ್ನು ಜಿಲ್ಲೆಗಳು ಕೂಡಿಸುತ್ತವೆ, ಜಿಲ್ಲೆಗಳದ್ದನ್ನು ರಾಜ್ಯ ಅಪರಾಧ ದಾಖಲೆಗಳ ಬ್ಯೂರೋ ಕೂಡಿಸುತ್ತದೆ, ರಾಜ್ಯಗಳದ್ದನ್ನು ಕೇಂದ್ರದ ಬ್ಯೂರೋ ಅಚ್ಚು ಹಾಕಿಸುತ್ತದೆ. ಹೀಗಾಗಿ ಎಲ್ಲ ಅಂಕಿಗಳ ಮೂಲವೂ ಒಂದೇ: ಠಾಣೆಯಲ್ಲಿ ಬರೆದುಕೊಳ್ಳುವ ಪ್ರಥಮ ವರ್ತಮಾನ ವರದಿ. ಅಲ್ಲಿ ಬರೆದದ್ದು ದೇಶದ ಲೆಕ್ಕಕ್ಕೆ ಸೇರುತ್ತದೆ. ಬರೆಯದೆ ‘ಅರ್ಜಿ ವಿಚಾರಣೆ’ ನಡೆಸಿ, ಎರಡೂ ಕಡೆಯವರನ್ನು ಕರೆಸಿ ಗದರಿಸಿ, ಕೊನೆಗೊಂದು ಹಿಂಬರಹ ಕೊಟ್ಟು ಕಳುಹಿಸಿದ್ದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಗಂಭೀರ ಅಪರಾಧದ ಮಾಹಿತಿ ಬಂದಾಗ ದಾಖಲಿಸಿಕೊಳ್ಳುವುದು ಪೊಲೀಸರಿಗೆ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ಫಿರ್ಯಾದಿಯು ಠಾಣೆಯ ಮೆಟ್ಟಿಲಿನಿಂದಲೇ ಹಿಂದಿರುಗುವ ಪ್ರಸಂಗಗಳು ನಿಂತಿಲ್ಲವೆಂಬುದನ್ನು ಗ್ರಾಮೀಣ ಭಾಗದ ಯಾವ ಓದುಗರಿಗೂ ನಾವು ಹೇಳಬೇಕಾಗಿಲ್ಲ.

ಎಣಿಸುವ ಕ್ರಮದಲ್ಲಿಯೂ ಒಂದು ವಿಶೇಷವಿದೆ. ಒಂದೇ ವರದಿಯಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಅತ್ಯಂತ ಘೋರವಾದ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಅತ್ಯಾಚಾರವೆಸಗಿ ಕೊಂದ ಪ್ರಕರಣವು ಕೊಲೆಯ ಕೋಷ್ಟಕದಲ್ಲಿ ಕಾಣಿಸುತ್ತದೆ, ಅತ್ಯಾಚಾರದ ಕೋಷ್ಟಕದಲ್ಲಿ ಕಾಣಿಸುವುದಿಲ್ಲ. ಅಂತೆಯೇ ಎಣಿಸುವುದು ಪ್ರಕರಣವನ್ನೇ ಹೊರತು ನೊಂದವರನ್ನಲ್ಲ. 2014ರ ಆಗಸ್ಟ್ 28ರಂದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಕೇರಿಯ ಮೇಲೆ ಗುಂಪು ದಾಳಿ ನಡೆದು ಗುಡಿಸಲುಗಳು ಸುಟ್ಟುಹೋದವು. ಕ್ಷೌರದಂಗಡಿಗೂ ಹೋಟೆಲಿಗೂ ದಲಿತರಿಗೆ ಪ್ರವೇಶವಿಲ್ಲವೆಂಬುದು ಆ ವೈಷಮ್ಯದ ಹಿನ್ನೆಲೆ. ಅಂದು ಅಲ್ಲಿ ಎಷ್ಟು ಮನೆಗಳ ನೆಮ್ಮದಿ ಬೂದಿಯಾಯಿತೆಂಬುದು ಅಂಕಿಯಲ್ಲಿ ಕಾಣದು. ನೂರಕ್ಕೂ ಹೆಚ್ಚು ಆರೋಪಿಗಳಿದ್ದ ಅಂಥ ಪ್ರಕರಣವೂ, ಒಬ್ಬನೇ ವ್ಯಕ್ತಿಯನ್ನು ಬೈದ ಪ್ರಕರಣವೂ ಕೋಷ್ಟಕದಲ್ಲಿ ಒಂದೊಂದೇ.

ಮೊತ್ತ ಬೇರೆ, ದರ ಬೇರೆ

ಕರ್ನಾಟಕ ಮೊದಲ ಸ್ಥಾನದಲ್ಲಿದೆ ಎಂಬ ಸುದ್ದಿಗೆ ಮರಳೋಣ. ದೊಡ್ಡ ರಾಜ್ಯದಲ್ಲಿ ಹೆಚ್ಚು ಪ್ರಕರಣಗಳೂ ಚಿಕ್ಕ ರಾಜ್ಯದಲ್ಲಿ ಕಡಿಮೆ ಪ್ರಕರಣಗಳೂ ಇರುವುದು ಸಹಜ. ಆದುದರಿಂದಲೇ ಒಂದು ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣಗಳೆಂಬುದನ್ನು ‘ಅಪರಾಧ ದರ’ ಎಂದು ಕರೆಯುತ್ತಾರೆ. ಕರ್ನಾಟಕದ 21,889 ಸೈಬರ್ ಪ್ರಕರಣಗಳನ್ನು ಆ ವರ್ಷದ ಅಂದಾಜು ಜನಸಂಖ್ಯೆಯಿಂದ ಭಾಗಿಸಿದರೆ ಲಕ್ಷಕ್ಕೆ ಸುಮಾರು 32 ಬರುತ್ತದೆ. ನೆರೆಯ ತೆಲಂಗಾಣದಲ್ಲಿ ಅದೇ ವರ್ಷ ದಾಖಲಾದವು 18,236, ಆದರೆ ಅಲ್ಲಿನ ಜನಸಂಖ್ಯೆ ಸುಮಾರು 3.8 ಕೋಟಿ. ಭಾಗಿಸಿದರೆ ಲಕ್ಷಕ್ಕೆ ಸುಮಾರು 48. ಮೊತ್ತದಲ್ಲಿ ಮೊದಲಿದ್ದ ನಾವು ದರದಲ್ಲಿ ತೆಲಂಗಾಣದ ಹಿಂದೆ ನಿಲ್ಲುತ್ತೇವೆ. ಅಂಕಿಗಳು ಬದಲಾಗಲಿಲ್ಲ, ಕೇಳಿದ ಪ್ರಶ್ನೆ ಬದಲಾಯಿತು, ಅಷ್ಟೇ.

ಈ ಭಾಗಾಕಾರದ ಛೇದದಲ್ಲಿಯೂ ತೊಡಕಿದೆ. ನಮ್ಮಲ್ಲಿ ಕೊನೆಯ ಜನಗಣತಿ ನಡೆದದ್ದು 2011ರಲ್ಲಿ. ಆಗ ಕರ್ನಾಟಕದ ಜನಸಂಖ್ಯೆ 6,10,95,297. 2021ರ ಗಣತಿ ನಡೆಯಲಿಲ್ಲ. ರಾಜ್ಯಗಳ ದರಕ್ಕೆ ತಜ್ಞರ ಸಮಿತಿಯ ಅಂದಾಜು ಜನಸಂಖ್ಯೆಯನ್ನು ಬಳಸುತ್ತಾರೆ. ಆದರೆ ಮಹಾನಗರಗಳ ಕೋಷ್ಟಕಕ್ಕೆ ಇಂದಿಗೂ 2011ರ ಗಣತಿಯೇ ಆಧಾರ. ಅಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 85 ಲಕ್ಷ. ಆ ಬಳಿಕ ಬೀದರದಿಂದ, ರಾಯಚೂರಿನಿಂದ, ಕಲಬುರಗಿಯಿಂದ ಗಾರೆ ಕೆಲಸಕ್ಕೂ ಕಂಪನಿ ಕೆಲಸಕ್ಕೂ ಅಲ್ಲಿಗೆ ಹೋಗಿ ನೆಲೆಸಿದವರು ಎಷ್ಟು ಮಂದಿ! ಅವರ ಮೇಲೆ ನಡೆದ ಅಪರಾಧಗಳು ಭಾಜ್ಯದಲ್ಲಿ ಸೇರುತ್ತವೆ, ಅವರು ಮಾತ್ರ ಛೇದದಲ್ಲಿ ಇಲ್ಲ. ಹೀಗಾಗಿ ಬೆಂಗಳೂರಿನ ದರವು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹೊಸ ಜನಗಣತಿಯ ಅಂಕಿಗಳು ಬಂದ ಮೇಲೆ ದರವು ಏಕಾಏಕಿ ಇಳಿದರೆ ಯಾರೂ ಅದನ್ನು ತಮ್ಮ ಸಾಧನೆಯೆಂದು ಹೇಳಿಕೊಳ್ಳದಿರಲಿ ಎಂದು ಈಗಲೇ ಬರೆದಿಡುತ್ತೇವೆ.

ಏರಿಕೆಯೆಲ್ಲ ಕೇಡಲ್ಲ, ಇಳಿಕೆಯೆಲ್ಲ ಒಳಿತಲ್ಲ

2019ರಲ್ಲಿ ದೇಶದಾದ್ಯಂತ ದಾಖಲಾದ ಪ್ರಕರಣಗಳು 51,56,158. ಮರುವರ್ಷ, 2020ರಲ್ಲಿ, ಅವು 66,01,285ಕ್ಕೆ ಜಿಗಿದವು. ಒಂದೇ ವರ್ಷದಲ್ಲಿ ಶೇಕಡ 28ರ ಏರಿಕೆ. ಜನರು ಮನೆಯೊಳಗೇ ಕುಳಿತಿದ್ದ ವರ್ಷದಲ್ಲಿ ಅಪರಾಧ ಹೇಗೆ ಹೆಚ್ಚಿತು? ಉತ್ತರ ಸರಳ. ಸರಕಾರಿ ಆದೇಶವನ್ನು ಉಲ್ಲಂಘಿಸಿದ ಅಪರಾಧ, ಅಂದರೆ ಅಂದಿನ ದಂಡಸಂಹಿತೆಯ 188ನೆಯ ಕಲಮಿನ ಪ್ರಕರಣಗಳು 29,469ರಿಂದ 6,12,179ಕ್ಕೆ ಏರಿದ್ದವು. ಲಾಕ್‌ಡೌನ್ ಕಾಲದಲ್ಲಿ ಬೀದಿಗೆ ಬಂದವರ ಮೇಲೆ ಹೂಡಿದ ಮೊಕದ್ದಮೆಗಳವು. ತರಕಾರಿಗೆ ಹೋದವನೂ ಕೊಲೆಗಡುಕನೂ ಒಟ್ಟು ಮೊತ್ತದಲ್ಲಿ ಸಮಾನರಾದರು.

2023ರ ವರದಿಯಲ್ಲಿಯೇ ಇನ್ನೊಂದು ನಿದರ್ಶನವಿದೆ. ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ಪ್ರಕರಣಗಳು ದೇಶದಲ್ಲಿ 10,064ರಿಂದ 12,960ಕ್ಕೆ ಏರಿದವು. ಎಲ್ಲೆಡೆಯೂ ಏರಿತೆಂದು ತಿಳಿದರೆ ತಪ್ಪಾದೀತು. ಗಲಭೆಯಲ್ಲಿ ಬೆಂದ ಮಣಿಪುರದಲ್ಲಿ 2022ರಲ್ಲಿ ಒಂದೇ ಒಂದಿದ್ದ ಪ್ರಕರಣಗಳು 2023ರಲ್ಲಿ 3,399 ಆದವು. ದೇಶದ ಏರಿಕೆಯನ್ನು ಇದೊಂದೇ ರಾಜ್ಯದ ಸಂಕಟವು ಮೀರಿಸಿದೆ. ಅದನ್ನು ತೆಗೆದಿಟ್ಟು ನೋಡಿದರೆ ಉಳಿದ ದೇಶದಲ್ಲಿ ಸಂಖ್ಯೆ ತುಸು ಇಳಿದಿದೆ.

ಮತ್ತೊಂದು ಹೋಲಿಕೆಯನ್ನೂ ಗಮನಿಸಬೇಕು. 2022ರಿಂದ 2023ಕ್ಕೆ ದೇಶದ ಒಟ್ಟು ಪ್ರಕರಣಗಳು 58,24,946ರಿಂದ 62,41,569ಕ್ಕೆ, ಅಂದರೆ ಶೇಕಡ 7.2ರಷ್ಟು ಏರಿದವು. ಅದೇ ಅವಧಿಯಲ್ಲಿ ಕೊಲೆ ಪ್ರಕರಣಗಳು 28,522ರಿಂದ 27,721ಕ್ಕೆ ಇಳಿದವು. ಕಳೆದುಹೋದ ಮೊಬೈಲನ್ನು ಜನರು ಲೆಕ್ಕಕ್ಕೆ ತರದೆ ಬಿಡಬಹುದು, ಹೆಣವನ್ನು ಮುಚ್ಚಿಡುವುದು ಸುಲಭವಲ್ಲ. ಆದ್ದರಿಂದ ಅಪರಾಧಶಾಸ್ತ್ರಜ್ಞರು ಎಲ್ಲ ಅಂಕಿಗಳಲ್ಲಿ ಕೊಲೆಯ ಅಂಕಿಯನ್ನು ಹೆಚ್ಚು ನಂಬುತ್ತಾರೆ. ಉಳಿದ ಬಹುತೇಕ ಅಂಕಿಗಳು ಅಪರಾಧವನ್ನು ಎಷ್ಟು ಅಳೆಯುತ್ತವೆಯೋ, ದೂರು ಕೊಡುವ ಧೈರ್ಯವನ್ನೂ ದೂರು ಪಡೆಯುವ ಮನಸ್ಸನ್ನೂ ಅಷ್ಟೇ ಅಳೆಯುತ್ತವೆ. ಅಪರಾಧದ ಏರಿಕೆ ಬೇರೆ, ದಾಖಲಾತಿಯ ಏರಿಕೆ ಬೇರೆ, ಇವೆರಡನ್ನು ಬೆರೆಸಬಾರದು ಎಂದು ಬ್ಯೂರೋ ತನ್ನ ವರದಿಯಲ್ಲಿಯೇ ಎಚ್ಚರಿಸುತ್ತದೆ. ಆ ಎಚ್ಚರಿಕೆಯ ಪುಟ ಮಾತ್ರ ತಲೆಬರಹವಾಗುವುದಿಲ್ಲ.

ನಮ್ಮ ಸೈಬರ್ ಅಂಕಿಯನ್ನೂ ಈ ಬೆಳಕಿನಲ್ಲಿ ನೋಡಬೇಕು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಇಂದು ಜಿಲ್ಲಾ ಕೇಂದ್ರಗಳಲ್ಲಿಯೂ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗಳಿವೆ. 1930 ಸಂಖ್ಯೆಗೆ ಕರೆಮಾಡಿ ದೂರು ಹೇಳುವ ವ್ಯವಸ್ಥೆಯಿದೆ. ಬಾಗಿಲು ತೆರೆದಲ್ಲಿ ಜನ ಬರುತ್ತಾರೆ, ಬಂದವರನ್ನು ಎಣಿಸಲಾಗುತ್ತದೆ. ಮೋಸ ಹೆಚ್ಚಿದೆಯೆಂಬುದು ನಿಜ. ಪಿಂಚಣಿಯ ಹಣವನ್ನೂ ಮಗಳ ಮದುವೆಗೆ ಕೂಡಿಟ್ಟ ಹಣವನ್ನೂ ಒಂದು ದೂರವಾಣಿ ಕರೆಗೆ ಕಳೆದುಕೊಂಡ ಭಕ್ತರು ನಮ್ಮಲ್ಲಿಯೂ ಇದ್ದಾರೆ. ಆದರೆ 21,889 ಎಂಬುದು ಬರಿಯ ಅವಮಾನದ ಅಂಕಿಯಲ್ಲ. ನಾಚಿಕೆಯನ್ನು ಬದಿಗಿಟ್ಟು ಠಾಣೆಗೆ ಹೋದವರ ಅಂಕಿಯೂ ಅದೇ.

ಮೌನದ ಲೆಕ್ಕ

ಹಾಗಾದರೆ ಠಾಣೆಗೆ ಹೋಗದವರ ಲೆಕ್ಕವೆಲ್ಲಿದೆ? ಅದನ್ನು ತಿಳಿಯಬೇಕಾದರೆ ಪೊಲೀಸ್ ಪುಸ್ತಕವನ್ನು ಮುಚ್ಚಿ ಬೇರೊಂದು ಪುಸ್ತಕವನ್ನು ತೆರೆಯಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಏಕಾಂತದಲ್ಲಿ ಮಾತನಾಡಿಸುತ್ತಾರೆ. ಅದರ ಐದನೆಯ ಸುತ್ತಿನಲ್ಲಿ, ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರ ಪ್ರಮಾಣ ಕರ್ನಾಟಕದಲ್ಲಿ ಶೇಕಡ 44.4 ಎಂದು ಕಂಡುಬಂದಿತು. ದೇಶದ ರಾಜ್ಯಗಳಲ್ಲಿಯೇ ಇದು ಅತ್ಯಧಿಕ. ಹಿಂದಿನ ಸುತ್ತಿನಲ್ಲಿ ಅದು ಶೇಕಡ 20.6 ಇತ್ತು. ಹಿಂಸೆಗೊಳಗಾದವರಲ್ಲಿ ಯಾರದಾದರೂ ನೆರವನ್ನು ಕೋರಿದವರು ದೇಶದಾದ್ಯಂತ ಕೇವಲ ಶೇಕಡ 14. ನೆರವು ಕೋರದೆ, ಯಾರೊಡನೆಯೂ ಹೇಳಿಕೊಳ್ಳದೆ ನುಂಗಿಕೊಂಡವರು ಶೇಕಡ 77.

ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಒಂದರ ಪ್ರಕಾರ ನಮ್ಮ ರಾಜ್ಯದಲ್ಲಿ ಹತ್ತು ಗೃಹಿಣಿಯರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಪೆಟ್ಟನ್ನೋ ಕಿರುಕುಳವನ್ನೋ ಉಂಡವರು, ಅಂದರೆ ಲಕ್ಷಾಂತರ ಮಂದಿ. ಇನ್ನೊಂದರ ಪ್ರಕಾರ ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಬಗ್ಗೆ ರಾಜ್ಯದಲ್ಲಿ ವರ್ಷಕ್ಕೆ ದಾಖಲಾಗುವ ಪ್ರಕರಣಗಳು ಕೆಲವೇ ಸಾವಿರ. ನಡುವಿನ ಅಂತರವೇ ಮೌನ. ಯಾವುದೇ ಜಿಲ್ಲೆಯಲ್ಲಿ ಈ ಪ್ರಕರಣಗಳು ನಾಳೆ ಇಮ್ಮಡಿಯಾದರೆ ಆ ಜಿಲ್ಲೆ ಕೆಟ್ಟಿತೆಂದು ಕೂಡಲೇ ತೀರ್ಪು ಕೊಡಬಾರದು. ಮೌನದ ಗೋಡೆಯಲ್ಲಿ ಒಂದು ಕಿಂಡಿ ತೆರೆದಿರಬಹುದು.

ದಾಖಲಾದ ಮೇಲೆ ಏನಾಯಿತು?

ಪತ್ರಿಕೆಗಳು ದಾಖಲಾತಿಯ ಅಂಕಿಯಲ್ಲಿಯೇ ನಿಲ್ಲುತ್ತವೆ. ನ್ಯಾಯದ ಅಳತೆ ಅಲ್ಲಿಂದ ಮುಂದಕ್ಕೆ ಆರಂಭವಾಗುತ್ತದೆ. ತನಿಖೆಯ ನಂತರ ಪೊಲೀಸರು ದೋಷಾರೋಪಣ ಪಟ್ಟಿಯನ್ನು ಸಲ್ಲಿಸಬಹುದು, ಅಥವಾ ಪ್ರಕರಣ ಸುಳ್ಳೆಂದು ‘ಬಿ’ ರಿಪೋರ್ಟನ್ನೋ ಪತ್ತೆಯಾಗಲಿಲ್ಲವೆಂದು ‘ಸಿ’ ರಿಪೋರ್ಟನ್ನೋ ಹಾಕಬಹುದು. ಪೊಲೀಸರು ವಿಲೇವಾರಿ ಮಾಡಿದ ಪ್ರಕರಣಗಳಲ್ಲಿ ಎಷ್ಟರಲ್ಲಿ ದೋಷಾರೋಪಣ ಪಟ್ಟಿ ಸಲ್ಲಿಕೆಯಾಯಿತೆಂಬುದು ಒಂದು ಪ್ರಮಾಣ. ನ್ಯಾಯಾಲಯದಲ್ಲಿ ವಿಚಾರಣೆ ಮುಗಿದ ಪ್ರಕರಣಗಳಲ್ಲಿ ಎಷ್ಟರಲ್ಲಿ ಶಿಕ್ಷೆಯಾಯಿತೆಂಬುದು ಇನ್ನೊಂದು ಪ್ರಮಾಣ. ‘ವಿಚಾರಣೆ ಮುಗಿದ’ ಎಂಬ ಎರಡು ಪದಗಳ ಮೇಲೆ ಬೆರಳಿಟ್ಟು ಓದಬೇಕು.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಒಂದು ಜಿಲ್ಲೆಯಲ್ಲಿ ವರ್ಷಕ್ಕೆ 1,000 ಪ್ರಕರಣಗಳು ದಾಖಲಾದವು. ಪೊಲೀಸರು 800ನ್ನು ವಿಲೇವಾರಿ ಮಾಡಿ 600ರಲ್ಲಿ ದೋಷಾರೋಪಣ ಪಟ್ಟಿ ಸಲ್ಲಿಸಿದರು. ಆ ಪ್ರಮಾಣ ಶೇಕಡ 75. ನ್ಯಾಯಾಲಯದಲ್ಲಿ ಆ ವರ್ಷ 100 ಪ್ರಕರಣಗಳ ವಿಚಾರಣೆ ಮುಗಿದು 50ರಲ್ಲಿ ಶಿಕ್ಷೆಯಾಯಿತು. ಶಿಕ್ಷೆಯ ಪ್ರಮಾಣ ಶೇಕಡ 50. ಅರ್ಧದಷ್ಟು ಅಪರಾಧಿಗಳಿಗೆ ಶಿಕ್ಷೆಯೆಂದು ಸುದ್ದಿ ಬರುತ್ತದೆ. ದಾಖಲಾದ ಸಾವಿರದೆದುರು ಇಟ್ಟು ನೋಡಿದರೆ ಅದು ಐವತ್ತು ಮಾತ್ರ, ಆ ಐವತ್ತೂ ಬಹುಪಾಲು ಹಿಂದಿನ ವರ್ಷಗಳ ಪ್ರಕರಣಗಳು. ಉಳಿದವು ಕಪಾಟಿನಲ್ಲಿ ಕಾಯುತ್ತಿರುತ್ತವೆ.

ಕಾಯುವುದೆಂದರೇನೆಂಬುದಕ್ಕೆ ಮರಕುಂಬಿಯೇ ಸಾಕ್ಷಿ. 2014ರ ಆ ಘಟನೆಯ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. ಕೊಪ್ಪಳದ ಜಿಲ್ಲಾ ನ್ಯಾಯಾಲಯವು 101 ಮಂದಿಯನ್ನು ದೋಷಿಗಳೆಂದು ಘೋಷಿಸಿ, ಅವರಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಬಳಿಕ ಮೇಲ್ಮನವಿಯಲ್ಲಿ ಬಹುತೇಕರಿಗೆ ಉಚ್ಚ ನ್ಯಾಯಾಲಯದಿಂದ ಜಾಮೀನು ದೊರೆಯಿತು. ಹತ್ತು ವರ್ಷ ಕಾದು ಪಡೆದ ತೀರ್ಪಿಗೂ ಇನ್ನೂ ಕಾಯುವಿಕೆ ತಪ್ಪಿಲ್ಲ. ಆದರೂ ಅಲ್ಲಿ ತೀರ್ಪೊಂದು ಬಂದಿತು. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಜೀವಂತವಾಗಿ ಸುಟ್ಟುಹೋದರು. ಸಾಕ್ಷಿಗಳು ಪ್ರತಿಕೂಲರಾದರು. 2006ರಲ್ಲಿ ವಿಚಾರಣಾ ನ್ಯಾಯಾಲಯವು ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಉಚ್ಚ ನ್ಯಾಯಾಲಯವು ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಏಳು ಜನ ಸತ್ತರು, ಕಾನೂನಿನ ಕಣ್ಣಿಗೆ ಕೊಂದವರು ಯಾರೂ ಇಲ್ಲ. ಅಪರಾಧದ ಕೋಷ್ಟಕದಲ್ಲಿ ಅವರ ಸಾವಿದೆ, ಶಿಕ್ಷೆಯ ಕೋಷ್ಟಕದಲ್ಲಿ ಅವರ ಸಾವಿಗೆ ಉತ್ತರವಿಲ್ಲ.

ದೌರ್ಜನ್ಯ ಪ್ರಕರಣಗಳಲ್ಲಿ ಶಿಕ್ಷೆಯ ಪ್ರಮಾಣ ತೀರ ಕಡಿಮೆಯಿರುವ ಬಗ್ಗೆ ನಮ್ಮ ರಾಜ್ಯದ ಮುಖ್ಯಮಂತ್ರಿಗಳೇ ಪರಿಶೀಲನಾ ಸಭೆಗಳಲ್ಲಿ ಅಸಮಾಧಾನ ವ್ಯಕ್ತಪಡಿಸಿದ್ದಾರೆ. ಈ ಪ್ರಕರಣಗಳಿಗೆಂದೇ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದಡಿ 33 ವಿಶೇಷ ಠಾಣೆಗಳನ್ನು ಸರಕಾರ ಮಂಜೂರು ಮಾಡಿದೆ. ಅವು ಚೆನ್ನಾಗಿ ಕೆಲಸ ಮಾಡಿದರೆ ಮೊದಲ ಪರಿಣಾಮವೇನಾದೀತು? ದಾಖಲಾದ ಪ್ರಕರಣಗಳು ಹೆಚ್ಚಾಗುವುವು. ಆ ಏರಿಕೆಯನ್ನು ಕಂಡು ಬೆಚ್ಚದೆ, ಶಿಕ್ಷೆಯ ಪ್ರಮಾಣವೂ ಜೊತೆಗೂಡಿ ಏರುತ್ತಿದೆಯೇ ಎಂದು ಕೇಳುವುದು ತಿಳಿದವರ ಲಕ್ಷಣ.

ಕಾಯುವವರು ನೊಂದವರು ಮಾತ್ರವಲ್ಲ. 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಬಂಧಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಮೊದಲ ಬಾರಿಗೆ ಆರೋಪಕ್ಕೊಳಗಾದವರು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ, ಗಲ್ಲು ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳನ್ನುಳಿದು, ಅವರನ್ನು ಬಿಡುಗಡೆ ಮಾಡಲು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಅವಕಾಶ ನೀಡಿದೆ. ಜಾಮೀನಿಗೆ ಹಣವಿಲ್ಲದ ಬಡವರಿಗೆ ಅದು ತಲುಪುತ್ತಿದೆಯೇ ಎಂಬುದನ್ನೂ ಅಂಕಿ-ಅಂಶಗಳಲ್ಲಿ ಹುಡುಕಬೇಕು.

ಮುಂದಿನ ವರದಿಗಳನ್ನು ಓದುವವರಿಗೆ ಇನ್ನೊಂದು ಮಾತು. 2024ರ ಜುಲೈ 1ರಿಂದ ಭಾರತೀಯ ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಯ 302 ಈಗ 103 ಆಗಿದೆ, ಗಂಡನ ಮನೆಯ ಕ್ರೌರ್ಯದ 498ಎ ಈಗ 85 ಆಗಿದೆ. 2024ರ ಅರ್ಧ ವರ್ಷ ಹಳೆಯ ಕಾನೂನಿನಡಿ, ಅರ್ಧ ವರ್ಷ ಹೊಸತರಡಿ. ಆ ವರ್ಷವನ್ನು ಹಿಂದಿನ ವರ್ಷಗಳೊಡನೆ ಹೋಲಿಸುವಾಗ ಎರಡೂ ಭಾಗಗಳನ್ನು ಕೂಡಿಸಿಯೇ ಮಾತನಾಡಬೇಕು.

ಈ ಲೆಕ್ಕದಲ್ಲಿ ನಮ್ಮ ಪಾಲು

ಇನ್ನು ಮಠಗಳ ಮಾತು. ನಮ್ಮ ನಾಡಿನಲ್ಲಿ ಮಠಗಳು ಜಗಳ ಬಿಡಿಸುವ ಕಾರ್ಯವನ್ನು ಶತಮಾನಗಳಿಂದ ಮಾಡುತ್ತ ಬಂದಿವೆ. ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠವು ಇದಕ್ಕೆ ಹೆಸರಾಗಿದೆ. ಹೊಲದ ಬದು, ಅಣ್ಣತಮ್ಮಂದಿರ ಪಾಲು, ಸಾಲದ ತಕರಾರುಗಳು ಕೋರ್ಟಿನಲ್ಲಿ ತಲೆಮಾರು ಕಳೆಯುವುದಕ್ಕಿಂತ ಹಿರಿಯರೆದುರು ಒಂದು ದಿನದಲ್ಲಿ ಬಗೆಹರಿದರೆ ಅದು ಸಮಾಜಸೇವೆಯೇ ಸರಿ. ಆದರೆ ರಾಜಿಯಾಗತಕ್ಕ ವ್ಯಾಜ್ಯ ಬೇರೆ, ರಾಜಿಯಾಗಕೂಡದ ಅಪರಾಧ ಬೇರೆ. ಈ ಗೆರೆಯನ್ನು ನಾವು ಸದಾ ಕಾಯ್ದುಕೊಂಡಿದ್ದೇವೆಯೇ?

ಇಲ್ಲವೆಂದು ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ ಒಂದು ಅಮಾವಾಸ್ಯೆಯ ದಿನ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಮಠದ ಕಾರ್ಯಾಲಯಕ್ಕೆ ಬಂದರು. ಮಗಳ ಮುಂಗೈಗೆ ಪಟ್ಟಿ ಕಟ್ಟಿತ್ತು. ತಾಯಿಯ ಚೀಲದಲ್ಲಿ ಅಳಿಯನ ಮೇಲೆ ಬರೆಸಿದ ದೂರಿನ ಹಾಳೆಯಿತ್ತು. ಮೊದಲು ಹಿರಿಯರ ಹತ್ತಿರ ಕುಳಿತು ಮಾತನಾಡಿ ಎಂದು ಠಾಣೆಯಲ್ಲಿ ಹೇಳಿ ಕಳುಹಿಸಿದ್ದರಂತೆ. ನಾವು ಎರಡೂ ಕಡೆಯವರನ್ನು ಪಡಸಾಲೆಯಲ್ಲಿ ಕೂರಿಸಿ, ವಿಭೂತಿ ಮುಟ್ಟಿಸಿ ಆ ಗಂಡನಿಂದ ಮಾತು ತೆಗೆದುಕೊಂಡು, ಹೆಣ್ಣುಮಗಳನ್ನು ಅವನೊಡನೆ ಕಳುಹಿಸಿಕೊಟ್ಟೆವು. ಪ್ರಸಾದ ಸ್ವೀಕರಿಸಿ ಎಲ್ಲರೂ ಸಮಾಧಾನದಿಂದ ಹೋದರೆಂದೇ ಭಾವಿಸಿದೆವು. ಎಂಟು ತಿಂಗಳ ಬಳಿಕ ಆ ಮಗಳು ತವರಿಗೆ ಮರಳಿದಳು. ಈ ಬಾರಿ ಪೆಟ್ಟು ಕಿವಿಗೆ ಬಿದ್ದಿತ್ತು, ಒಂದು ಕಿವಿಯ ಕೇಳ್ಮೆ ಹೋಗಿತ್ತು. ತಾಯಿ ಅಂದು ನಮ್ಮ ಮೇಜಿನ ಮೇಲೆ ಬಿಟ್ಟುಹೋಗಿದ್ದ ದೂರಿನ ಹಾಳೆ ಕಡತದಲ್ಲಿ ಹಾಗೆಯೇ ಇತ್ತು. ಆ ವರ್ಷದ ನಮ್ಮ ಜಿಲ್ಲೆಯ ಪಟ್ಟಿಯಲ್ಲಿ ಒಂದು ಅಂಕಿ ಕಡಿಮೆಯಾಗಿತ್ತು. ಅದನ್ನು ಕಡಿಮೆ ಮಾಡಿದವರು ನಾವು.

ಆ ಹಾಳೆಯನ್ನು ನಾವು ಎಸೆದಿಲ್ಲ. ಅಂದಿನಿಂದ ಕಾರ್ಯಾಲಯದಲ್ಲಿ ಒಂದು ನಿಯಮವನ್ನು ಪಾಲಿಸುತ್ತಿದ್ದೇವೆ. ಮೈಮೇಲೆ ಕೈಮಾಡಿದ ದೂರು, ಮಕ್ಕಳ ಮೇಲಿನ ದೌರ್ಜನ್ಯ, ಜಾತಿನಿಂದನೆ, ಅಸ್ಪೃಶ್ಯತೆಯ ಆಚರಣೆ, ಇವು ಬಂದರೆ ಮಠದಲ್ಲಿ ಪಂಚಾಯಿತಿ ನಡೆಯುವುದಿಲ್ಲ. ನಮ್ಮ ಸಿಬ್ಬಂದಿಯೊಬ್ಬರು ದೂರುದಾರರ ಜೊತೆಗೆ ಠಾಣೆಯವರೆಗೆ ಹೋಗಿ, ದೂರು ದಾಖಲಾಗಿ ಅದರ ಪ್ರತಿ ಕೈಗೆ ಬರುವವರೆಗೆ ಅಲ್ಲಿಯೇ ಇರುತ್ತಾರೆ. ಪ್ರತಿಯನ್ನು ಉಚಿತವಾಗಿ ಪಡೆಯುವುದು ಮಾಹಿತಿ ನೀಡಿದವರ ಹಕ್ಕು.

ವಿದ್ಯಾರ್ಥಿ ನಿಲಯಗಳನ್ನು ನಡೆಸುವ ಎಲ್ಲ ಮಠ ಹಾಗೂ ಸಂಸ್ಥೆಗಳಿಗೆ ಇನ್ನೊಂದು ವಿನಂತಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, ಅಂಥ ಅಪರಾಧ ನಡೆದ ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಡುವ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ನಮ್ಮ ನಿಲಯದಲ್ಲಿ ಒಂದೂ ಪ್ರಕರಣವಿಲ್ಲ ಎಂದು ಹೆಮ್ಮೆಪಡುವ ಮೊದಲು, ನಮ್ಮ ನಿಲಯದ ಮಗುವೊಂದು ಹೇಳಬೇಕೆಂದರೆ ಯಾರ ಬಳಿ ಹೇಳಬೇಕೆಂಬುದು ಅದಕ್ಕೆ ಗೊತ್ತಿದೆಯೇ ಎಂದು ಕೇಳಿಕೊಳ್ಳಬೇಕು. ಮಕ್ಕಳ ಸಹಾಯವಾಣಿ 1098, ಮಹಿಳೆಯರ ಸಹಾಯವಾಣಿ 181, ತುರ್ತು ಕರೆ 112. ಇವನ್ನು ಪ್ರಾರ್ಥನಾ ಮಂದಿರದ ಬಾಗಿಲಲ್ಲಿಯೇ ಬರೆಸಿದರೆ ಪ್ರಾರ್ಥನೆಗೆ ಕುಂದು ಬಾರದು.

ಶರಣರ ಅಳತೆ

ಬಸವಣ್ಣನವರ ಸುಪ್ರಸಿದ್ಧ ಸಪ್ತಶೀಲದ ವಚನವು ಕಳವು ಹಾಗೂ ಕೊಲೆಗಳ ನಿಷೇಧದಿಂದ ಆರಂಭವಾಗುತ್ತದೆ. ಆ ಏಳರಲ್ಲಿ ಪೊಲೀಸ್ ಪುಸ್ತಕವು ಮುಖ್ಯವಾಗಿ ಎಣಿಸುವುದು ಆ ಮೊದಲ ಎರಡನ್ನು. ಸುಳ್ಳು, ಕೋಪ, ಅನ್ಯರ ಬಗೆಗಿನ ಅಸಹ್ಯ, ಆತ್ಮಪ್ರಶಂಸೆ, ಪರನಿಂದೆ, ಇವುಗಳಿಗೆ ಕೋಷ್ಟಕವಿಲ್ಲ. ಅನ್ಯರನ್ನು ಕಂಡು ಅಸಹ್ಯಪಡುವ ದೋಷವನ್ನು ಅಸ್ಪೃಶ್ಯತೆಯ ರೂಪದಲ್ಲಿ ಅಪರಾಧವೆಂದು ಕಾನೂನು ಗುರುತಿಸಲು 1955ರವರೆಗೆ, ದೌರ್ಜನ್ಯವನ್ನು ತಡೆಯುವ ಪ್ರತ್ಯೇಕ ಕಾಯ್ದೆ ಬರಲು 1989ರವರೆಗೆ ಕಾಯಬೇಕಾಯಿತು. ಶರಣರು ಅದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕಳವು-ಕೊಲೆಗಳ ಸಾಲಿನಲ್ಲಿ ಕೂರಿಸಿದ್ದರು.

ಕಲ್ಯಾಣದ ದಿನಗಳನ್ನೂ ನೆನೆಯಬೇಕು. ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸರು ಮಗಳನ್ನು ಕೊಟ್ಟರು. ಅಂದಿನ ರಾಜ್ಯ ಅದನ್ನು ಅಪರಾಧವೆಂದು ಬಗೆದು ಆ ಇಬ್ಬರು ಹಿರಿಯರನ್ನೂ ಎಳೆಹೂಟೆಗೆ ಗುರಿಮಾಡಿತು. ಅಂದು ಅಪರಾಧಗಳ ವಾರ್ಷಿಕ ವರದಿಯೊಂದು ಇದ್ದಿದ್ದರೆ ಹರಳಯ್ಯ-ಮಧುವರಸರ ಹೆಸರು ಅಪರಾಧಿಗಳ ಸಾಲಿನಲ್ಲಿರುತ್ತಿತ್ತು, ಶಿಕ್ಷೆಯ ಪ್ರಮಾಣ ನೂರಕ್ಕೆ ನೂರು ಇರುತ್ತಿತ್ತು. ಅಂಕಿ ಅಚ್ಚುಕಟ್ಟಾಗಿರುತ್ತಿತ್ತು, ನ್ಯಾಯ ಮಾತ್ರ ಸತ್ತಿರುತ್ತಿತ್ತು.

ಆದುದರಿಂದ ಅಂಕಿ-ಅಂಶಗಳನ್ನು ನಿರಾಕರಿಸಬೇಕೆಂದು ನಾವು ಹೇಳುತ್ತಿಲ್ಲ. ಅವಿಲ್ಲದೆ ಆಡಳಿತ ಕುರುಡಾಗುತ್ತದೆ, ಪ್ರಜೆಗಳ ಕೈಯಲ್ಲಿ ಪ್ರಶ್ನೆಯೂ ಉಳಿಯುವುದಿಲ್ಲ. ಮುಂದಿನ ವರದಿ ಬಂದಾಗ ಮೊತ್ತವನ್ನು ನೋಡುವ ಮುನ್ನ ದರವನ್ನು, ದರವನ್ನು ನಂಬುವ ಮುನ್ನ ಅದರ ಛೇದವನ್ನು ನೋಡಿರಿ. ಯಾವ ಅಪರಾಧ ಏರಿತೆಂದು ಕೇಳಿರಿ. ದಾಖಲಾದವರಿಗೆ ನ್ಯಾಯ ಯಾವ ವರ್ಷದಲ್ಲಿ ಸಿಕ್ಕಿತೆಂದು ಕೇಳಿರಿ. ಕೊನೆಯದಾಗಿ, ನಮ್ಮ ಊರಿನಿಂದ ಆ ಪುಸ್ತಕಕ್ಕೆ ಸೇರಬೇಕಾಗಿದ್ದ ಯಾವ ದೂರಿನ ಹಾಳೆಯು ಯಾರ ಮೇಜಿನ ಕಡತದಲ್ಲಿ ಉಳಿದುಹೋಯಿತೆಂದು ಒಮ್ಮೆ ಹುಡುಕಿರಿ.